ಛಾಪಾ ಕಾಗದದ ಮೇಲಿನ ಸಹಿಯಿಂದ ವಿಚ್ಛೇದನ ಆಗುವುದಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಗಂಡ ಹೆಂಡತಿ ಬೇರೆಯಾಗುವುದೆಂದು ತೀರ್ಮಾನವಾದ ಮೇಲೆ ಎರಡೂ ಕಡೆಯ ಹಿರಿಯರು ಕೂತು ಮಾತಾಡುತ್ತಾರೆ. ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಛಾಪಾ ಕಾಗದದ ಮೇಲೆ ‘ವಿವಾಹ ವಿಚ್ಛೇದನ ಕರಾರು ಪತ್ರ’ ಬರೆಸುತ್ತಾರೆ. ಇಬ್ಬರ ಸಹಿ, ಸಾಕ್ಷಿಗಳ ಸಹಿ, ನೋಟರಿಯ ಮೊಹರು ಬಿದ್ದರೆ ಎಲ್ಲವೂ ಮುಗಿಯಿತು ಎಂದುಕೊಂಡು ಮನೆಗೆ ಹೋಗುತ್ತಾರೆ. ಇದು ರಾಜ್ಯದ ಯಾವುದೋ ಒಂದು ಮೂಲೆಯ ಮಾತಲ್ಲ. ಓದು ಬರಹ ಬಲ್ಲವರು, ನೌಕರಿಯಲ್ಲಿರುವವರೂ ಇದನ್ನೇ ಮಾಡುತ್ತಿದ್ದಾರೆ. ಆ ಕಾಗದಕ್ಕೆ ಮದುವೆಯನ್ನು ಕಡಿಯುವ ಶಕ್ತಿ ಇಲ್ಲ ಎಂಬುದು ಅವರಿಗೆ ಗೊತ್ತಾಗುವುದು ವರ್ಷಗಳ ನಂತರ. ಎರಡನೇ ಮದುವೆಯ ನೋಂದಣಿಗೆ ಹೋದಾಗ, ಪಿಂಚಣಿಗೆ ಅರ್ಜಿ ಹಾಕಿದಾಗ, ಇಲ್ಲವೇ ಆಸ್ತಿ ಭಾಗದ ದಾವೆಯಲ್ಲಿ ಎದುರು ಪಕ್ಷದ ವಕೀಲರು ಪಾಟಿ ಸವಾಲಿಗೆ ನಿಂತಾಗ. ಅದಕ್ಕಾಗಿ ಈ ಪತ್ರ ಸ್ವಲ್ಪ ದೀರ್ಘವಾದರೂ ಪ್ರಕಟಿಸಬೇಕೆಂದು ಕೋರುತ್ತೇನೆ.

1955ರ ಹಿಂದೂ ವಿವಾಹ ಕಾಯ್ದೆಯಡಿ ಮದುವೆಯನ್ನು ವಿಸರ್ಜಿಸುವ ಅಧಿಕಾರ ನ್ಯಾಯಾಲಯಕ್ಕೆ ಮಾತ್ರ ಇದೆ. ಕೌಟುಂಬಿಕ ನ್ಯಾಯಾಲಯ ಇರುವ ಊರಿನಲ್ಲಿ ಅದು, ಇಲ್ಲದ ಕಡೆ ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯ. ನೋಟರಿ ಮಾಡುವುದು ಸಹಿಯ ದೃಢೀಕರಣವನ್ನಷ್ಟೇ. ನೋಟರಿಗಳು ಮದುವೆ ಅಥವಾ ವಿಚ್ಛೇದನದ ಪತ್ರಗಳನ್ನು ಮಾಡಿಕೊಡುವಂತಿಲ್ಲ, ಮಾಡಿದರೆ ಅದು ದುರ್ನಡತೆಯಾಗುತ್ತದೆ ಎಂದು ಕೇಂದ್ರ ಕಾನೂನು ಸಚಿವಾಲಯ 2024ರ ಅಕ್ಟೋಬರ್‌ನಲ್ಲಿ ಲಿಖಿತವಾಗಿ ಎಚ್ಚರಿಸಿದೆ. ಆ ಎಚ್ಚರಿಕೆ ಟೈಪಿಂಗ್ ಅಂಗಡಿಗಳ ತನಕ ಬಂದಂತೆ ಕಾಣುವುದಿಲ್ಲ.

‘ನಮ್ಮ ಜಾತಿಯಲ್ಲಿ ಸೋಡಚೀಟಿ (ಬಿಡುಗಡೆ ಪತ್ರ) ಪದ್ಧತಿ ಹಿಂದಿನಿಂದಲೂ ಇದೆ’ ಎನ್ನುವವರಿದ್ದಾರೆ. ಕಾಯ್ದೆಯ 29ನೇ ಸೆಕ್ಷನ್ ಇಂಥ ರೂಢಿಯ ವಿಚ್ಛೇದನವನ್ನು ಉಳಿಸಿರುವುದು ನಿಜ. ಆದರೆ ಆ ರೂಢಿ ಪುರಾತನವಾದದ್ದು, ನಿರಂತರವಾಗಿ ನಡೆದುಬಂದದ್ದು ಎಂದು ಅರ್ಜಿಯಲ್ಲಿ ಸ್ಪಷ್ಟವಾಗಿ ಹೇಳಿ, ಸಾಕ್ಷ್ಯ ಕೊಟ್ಟು ಸಾಬೀತು ಮಾಡಬೇಕು. ಯಮನಾಜಿ ಜಾಧವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಇದನ್ನೇ ಹೇಳಿದೆ. ಪತ್ರದಲ್ಲಿ ‘ನಮ್ಮ ರೂಢಿಯ ಪ್ರಕಾರ’ ಎಂದು ಒಂದು ಸಾಲು ಸೇರಿಸಿದ ಮಾತ್ರಕ್ಕೆ ರೂಢಿ ಸಾಬೀತಾಗುವುದಿಲ್ಲ. ಅಂಥ ರೂಢಿ ನಿಜವಾಗಿ ಇದ್ದರೆ, ಮದುವೆ ಮುಗಿದಿದೆ ಎಂಬ ಘೋಷಣೆಯನ್ನು ಕೌಟುಂಬಿಕ ನ್ಯಾಯಾಲಯದಿಂದ ಪಡೆದಿಟ್ಟುಕೊಳ್ಳುವುದು ಕ್ಷೇಮ. ಸಾಕ್ಷಿ ಹೇಳಬಲ್ಲ ಹಿರಿಯರು ಇರುವಾಗಲೇ ಅದನ್ನು ಮಾಡಬೇಕು.

ಕಾಗದ ನಂಬಿ ಮರುಮದುವೆಯಾದರೆ ಆ ಮದುವೆ ಮೊದಲ ದಿನದಿಂದಲೇ ಅಸಿಂಧು. ಮೊದಲ ಸಂಗಾತಿ ದೂರು ಕೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 82ನೇ ಸೆಕ್ಷನ್ ಅಡಿ ಏಳು ವರ್ಷದವರೆಗೆ ಶಿಕ್ಷೆಯಾಗಬಹುದು. ಹಿಂದಿನ ಮದುವೆಯನ್ನು ಮುಚ್ಚಿಟ್ಟಿದ್ದರೆ ಹತ್ತು ವರ್ಷ. ಸರ್ಕಾರಿ ನೌಕರರಾದರೆ ಇಲಾಖಾ ವಿಚಾರಣೆಯೂ ಬರುತ್ತದೆ. ಹೆಚ್ಚು ಪೆಟ್ಟು ತಿನ್ನುವವಳು ಎರಡನೆಯವಳಾಗಿ ಬಂದ ಹೆಣ್ಣುಮಗಳು. ಹತ್ತಿಪ್ಪತ್ತು ವರ್ಷ ಸಂಸಾರ ಮಾಡಿದರೂ ಕುಟುಂಬ ಪಿಂಚಣಿಗೆ, ಗಂಡನ ಪಾಲಿನ ಆಸ್ತಿಗೆ ಹೆಂಡತಿಯೆಂದು ನಿಲ್ಲಲು ಅವಳಿಗೆ ಕಾನೂನಿನ ಆಧಾರ ಇರುವುದಿಲ್ಲ. ಮಕ್ಕಳನ್ನು ಮಾತ್ರ ಹಿಂದೂ ವಿವಾಹ ಕಾಯ್ದೆಯ 16ನೇ ಸೆಕ್ಷನ್ ಕಾಪಾಡುತ್ತದೆ, ಅವರು ಔರಸರೇ, ಅಂದರೆ ಕಾನೂನುಬದ್ಧ ಮಕ್ಕಳೇ.

ಜನ ಈ ಅಡ್ಡದಾರಿ ಹಿಡಿಯುವುದು ಕೋರ್ಟಿಗೆ ಹೋದರೆ ಹತ್ತು ವರ್ಷ ಅಲೆಯಬೇಕು ಎಂಬ ಭಯದಿಂದ. ಜಗಳವಿರುವ ಪ್ರಕರಣಗಳಲ್ಲಿ ಆ ಭಯಕ್ಕೆ ಕಾರಣವಿದೆ. ಆದರೆ ಛಾಪಾ ಕಾಗದಕ್ಕೆ ಸಹಿ ಹಾಕುವಷ್ಟು ಇಬ್ಬರೂ ಒಪ್ಪಿದ್ದರೆ, ಅದೇ ಒಪ್ಪಿಗೆಯ ಮೇಲೆ 13ಬಿ ಸೆಕ್ಷನ್ ಅಡಿ ಜಂಟಿ ಅರ್ಜಿ ಹಾಕಬಹುದು. ಪರಸ್ಪರ ಸಮ್ಮತಿಯ ಈ ವಿಚ್ಛೇದನ 1976ರಿಂದಲೂ ಕಾಯ್ದೆಯಲ್ಲಿದೆ. ಎಲ್ಲ ಸರಿಯಾಗಿ ಬರೆದಿದ್ದರೆ ಏಳೆಂಟು ತಿಂಗಳಲ್ಲಿ, ಕೆಲವೊಮ್ಮೆ ಅದಕ್ಕಿಂತ ಬೇಗ ಮುಗಿಯುತ್ತದೆ.

ಅರ್ಜಿ ಹಾಕುವ ದಿನಕ್ಕೆ ಇಬ್ಬರೂ ಕನಿಷ್ಠ ಒಂದು ವರ್ಷ ಬೇರೆಯಾಗಿ ಬಾಳಿರಬೇಕು. ಬೇರೆ ಮನೆಯಲ್ಲೇ ಇರಬೇಕೆಂದಿಲ್ಲ. ಒಂದೇ ಸೂರಿನಡಿ ಇದ್ದರೂ ದಾಂಪತ್ಯ ನಡೆಸದಿದ್ದರೆ ಅದೂ ಬೇರೆ ಬಾಳಿದಂತೆಯೇ ಎಂದು ಸುಪ್ರೀಂ ಕೋರ್ಟ್ 1991ರ ಸುರೇಷ್ಟಾ ದೇವಿ ಪ್ರಕರಣದಲ್ಲಿ ಹೇಳಿದೆ. ಇಲ್ಲಿ ಅರ್ಜಿಗಳು ಎಡವುವುದು ದಿನಾಂಕದಲ್ಲಿ. ಜಂಟಿ ಅರ್ಜಿಯಲ್ಲಿ ‘ಜನವರಿಯಿಂದ ಬೇರೆ ಇದ್ದೇವೆ’ ಎಂದಿರುತ್ತದೆ. ಹಿಂದೆ ಠಾಣೆಗೆ ಕೊಟ್ಟ ದೂರಿನಲ್ಲೋ ಜೀವನಾಂಶದ ಅರ್ಜಿಯಲ್ಲೋ ಆಗಸ್ಟ್‌ವರೆಗೂ ಜೊತೆಗಿದ್ದರೆಂದು ಇರುತ್ತದೆ. ನ್ಯಾಯಾಧೀಶರು ಅದನ್ನು ಕೇಳಿಯೇ ಕೇಳುತ್ತಾರೆ. ಹಳೆಯ ಕಾಗದಗಳನ್ನೆಲ್ಲ ಹರಡಿಕೊಂಡು ದಿನಾಂಕ ತಾಳೆ ನೋಡಿದ ಮೇಲೆಯೇ ಅರ್ಜಿ ಬರೆಸಬೇಕು.

ಮದುವೆ ನಡೆದ ಊರು, ಇಬ್ಬರೂ ಕೊನೆಯದಾಗಿ ಒಟ್ಟಿಗೆ ಇದ್ದ ಊರು, ಹೆಂಡತಿ ಈಗ ಇರುವ ಊರು, ಇವುಗಳಲ್ಲಿ ಯಾವುದಾದರೊಂದರ ನ್ಯಾಯಾಲಯದಲ್ಲಿ ಜಂಟಿ ಅರ್ಜಿ ಹಾಕಬಹುದು. ಬೆಂಗಳೂರಿನವರಿಗೆ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ. ಲಗ್ನಪತ್ರಿಕೆ, ಮದುವೆಯ ಫೋಟೊ, ನೋಂದಣಿಯಾಗಿದ್ದರೆ ಪ್ರಮಾಣಪತ್ರ, ಇಬ್ಬರ ಆಧಾರ್, ಮಕ್ಕಳ ಜನನ ಪ್ರಮಾಣಪತ್ರ ಬೇಕು. ಮದುವೆ ನೋಂದಣಿ ಆಗಿಲ್ಲವೆಂಬ ಕಾರಣಕ್ಕೆ ಯಾರೂ ಹಿಂಜರಿಯಬೇಕಿಲ್ಲ. ಪತ್ರಿಕೆ ಮತ್ತು ಫೋಟೊ ಸಾಮಾನ್ಯವಾಗಿ ಸಾಕಾಗುತ್ತವೆ. ಅರ್ಜಿಗೆ ಎಂ.ಸಿ. (ವೈವಾಹಿಕ ಪ್ರಕರಣ) ಸಂಖ್ಯೆ ಬೀಳುತ್ತದೆ, ಜೊತೆಗೆ 16 ಅಂಕಿ ಅಕ್ಷರಗಳ ಸಿಎನ್ಆರ್ ಸಂಖ್ಯೆಯೂ. ಅದನ್ನು ಬರೆದಿಟ್ಟುಕೊಂಡರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಮುಂದಿನ ತಾರೀಖನ್ನು ತಾವೇ ನೋಡಿಕೊಳ್ಳಬಹುದು, ಯಾರನ್ನೂ ಕೇಳಬೇಕಿಲ್ಲ.

ಒಂದು ಮಾತನ್ನು ಒತ್ತಿ ಹೇಳಬೇಕು. ನಮ್ಮ ಕೆಳಹಂತದ ನ್ಯಾಯಾಲಯಗಳಲ್ಲಿ ಕನ್ನಡದಲ್ಲೇ ಅರ್ಜಿ ಹಾಕಬಹುದು. ಆದರೂ ಇಂಗ್ಲಿಷ್ ಓದಲು ಬಾರದವರ ಮುಂದೆ ಹತ್ತು ಪುಟದ ಇಂಗ್ಲಿಷ್ ಅರ್ಜಿ ಇಟ್ಟು, ಪ್ರತಿ ಪುಟಕ್ಕೂ ಸಹಿ ಹಾಕಿಸಿಕೊಳ್ಳುವುದು ನಡೆಯುತ್ತಿದೆ. ‘ಇನ್ನು ಮುಂದೆ ಯಾವ ಹಕ್ಕನ್ನೂ ಕೇಳುವುದಿಲ್ಲ’ ಎಂಬ ಸಾಲು ಅದರೊಳಗೇ ಇರುತ್ತದೆ. ಕನ್ನಡದಲ್ಲಿ ಬರೆದುಕೊಡಿ ಎಂದು ಕೇಳುವುದು ಕಕ್ಷಿದಾರರ ಹಕ್ಕು. ಅದಕ್ಕೆ ಸಂಕೋಚ ಬೇಡ.

ಇನ್ನು ಷರತ್ತುಗಳು. ಪ್ರಕರಣ ಗಟ್ಟಿಯಾಗಿ ನಿಲ್ಲುವುದೂ ಮುರಿದು ಬೀಳುವುದೂ ಇಲ್ಲಿಯೇ. ಜೀವನಾಂಶ ಕೊಡಲು ಒಪ್ಪಿದ್ದರೆ ಒಟ್ಟು ಎಷ್ಟು, ಡಿ.ಡಿ.ಯೋ ಆರ್‌ಟಿಜಿಎಸ್ಸೋ, ಯಾವ ದಿನ ಎಷ್ಟು ಎಂಬುದನ್ನು ಬರೆಯಬೇಕು. ಪೂರ್ತಿ ಹಣ ಮೊದಲೇ ಕೊಟ್ಟರೆ ಗಂಡನ ಕಡೆಯವರಿಗೆ ಆತಂಕ. ಕೊನೆಗೆ ಕೊಡುತ್ತೇನೆಂದರೆ ಹೆಂಡತಿಯ ಕಡೆಯವರಿಗೆ ನಂಬಿಕೆ ಇಲ್ಲ. ಒಟ್ಟು 10 ಲಕ್ಷ ರೂಪಾಯಿ ಎಂದಿದ್ದರೆ ಅರ್ಜಿಯ ದಿನ 4 ಲಕ್ಷ, ಕೊನೆಯ ಹೇಳಿಕೆಯ ದಿನ ನ್ಯಾಯಾಧೀಶರ ಎದುರಿನಲ್ಲೇ 4 ಲಕ್ಷ, ವರದಕ್ಷಿಣೆ ಕಿರುಕುಳದಂಥ ಕ್ರಿಮಿನಲ್ ಪ್ರಕರಣವಿದ್ದರೆ ಅದು ಹೈಕೋರ್ಟಿನಲ್ಲಿ ರದ್ದಾದ ದಿನ ಉಳಿದ 2 ಲಕ್ಷ ಎಂದು ಹಂಚುವುದು ಇಬ್ಬರಿಗೂ ಭದ್ರ. ತವರಿನವರು ಹಾಕಿದ ಒಡವೆ ಅವಳ ಸ್ತ್ರೀಧನ. ಅದನ್ನು ಜೀವನಾಂಶದ ಲೆಕ್ಕಕ್ಕೆ ಸೇರಿಸಕೂಡದು. ಗ್ರಾಂ ಲೆಕ್ಕದಲ್ಲಿ ಪಟ್ಟಿ ಮಾಡಿ, ಕೊಟ್ಟು ತೆಗೆದುಕೊಂಡದ್ದಕ್ಕೆ ರಸೀದಿ ಬರೆಯಬೇಕು.

ಇಬ್ಬರ ಹೆಸರಿನಲ್ಲಿ ಗೃಹಸಾಲವಿದ್ದರೆ ‘ಇನ್ನು ಮುಂದೆ ಗಂಡನೇ ಕಟ್ಟುತ್ತಾನೆ’ ಎಂದು ಅರ್ಜಿಯಲ್ಲಿ ಬರೆದದ್ದು ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ಕಂತು ತಪ್ಪಿದರೆ ಬ್ಯಾಂಕು ಇಬ್ಬರನ್ನೂ ಹಿಡಿಯುತ್ತದೆ. ಸಾಲವನ್ನು ಒಬ್ಬರ ಹೆಸರಿಗೆ ಮಾಡಿಕೊಡಲು ಬ್ಯಾಂಕಿನಿಂದ ಲಿಖಿತ ಒಪ್ಪಿಗೆ ಪಡೆದು ಮುಂದುವರಿಯಬೇಕು. ಮನೆ, ನಿವೇಶನದ ಪಾಲು ಬಿಟ್ಟುಕೊಡುವುದಾದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಿಬಿಡುವುದು ಒಳ್ಳೆಯದು. ಡಿಕ್ರಿಯಲ್ಲಿ (ನ್ಯಾಯಾಲಯದ ವಿಚ್ಛೇದನದ ಆದೇಶದಲ್ಲಿ) ಬರೆದಿದೆಯಲ್ಲ ಎಂದು ಬಿಟ್ಟವರು ಮುಂದೆ ಖಾತೆ ಬದಲಾವಣೆಗೆ ಹೋದಾಗ, ಮಾಜಿ ಸಂಗಾತಿಯನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ.

ಮಕ್ಕಳ ವಿಷಯದಲ್ಲಿ ‘ತಂದೆ ಆಗಾಗ ಬಂದು ನೋಡಬಹುದು’ ಎಂಬ ಸಾಲಿನಷ್ಟು ಜಗಳ ತಂದಿಡುವ ಸಾಲು ಇನ್ನೊಂದಿಲ್ಲ. ಯಾವ ಶನಿವಾರ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಮಗುವನ್ನು ಎಲ್ಲಿ ಒಪ್ಪಿಸುವುದು, ದಸರಾ ರಜೆ ಮತ್ತು ಬೇಸಿಗೆ ರಜೆ ಹೇಗೆ ಹಂಚುವುದು, ಶಾಲೆಯ ಫೀಸು ಯಾರು ಯಾವ ತಿಂಗಳು ಕಟ್ಟುವುದು, ಮಗುವಿನ ಖರ್ಚಿನ ಹಣ ವರ್ಷಕ್ಕೆ ಎಷ್ಟು ಹೆಚ್ಚಬೇಕು, ಮಗು ಆಸ್ಪತ್ರೆಗೆ ಸೇರಿದರೆ ಯಾರು ಯಾರಿಗೆ ಹೇಳಬೇಕು, ಇವೆಲ್ಲ ಬರಹದಲ್ಲಿರಲಿ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು 1956ರ ಅಪ್ರಾಪ್ತವಯಸ್ಕರ ಕಾಯ್ದೆ ಹೇಳುತ್ತದೆ. ಅದಕ್ಕೂ ಮಗುವಿನ ಹಿತವೇ ಕೊನೆಯ ಅಳತೆ. ‘ಮಗುವಿಗಾಗಿ ಏನನ್ನೂ ಕೇಳುವುದಿಲ್ಲ’ ಎಂದು ತಾಯಿ ಬರೆದುಕೊಟ್ಟರೂ ತಂದೆಯಿಂದ ಪೋಷಣೆ ಪಡೆಯುವ ಮಗುವಿನ ಹಕ್ಕು ಹೋಗುವುದಿಲ್ಲ. ಅದು ತಾಯಿ ಬಿಟ್ಟುಕೊಡಬಹುದಾದ ಹಕ್ಕೇ ಅಲ್ಲ.

ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಹದಿನೆಂಟು ತಿಂಗಳೊಳಗೆ ಇಬ್ಬರೂ ಮತ್ತೆ ಬಂದು ‘ಒಪ್ಪಿಗೆ ಇದೆ’ ಎಂದು ಹೇಳಬೇಕು. ಈ ಆರು ತಿಂಗಳನ್ನು ಮನ್ನಾ ಮಾಡುವ ವಿವೇಚನೆ ನ್ಯಾಯಾಲಯಕ್ಕಿದೆ ಎಂದು 2017ರ ಅಮರದೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಅರ್ಜಿಗೆ ಮೊದಲೇ ಒಂದೂವರೆ ವರ್ಷ ಬೇರೆ ಇದ್ದಿರಬೇಕು, ರಾಜಿಯ ಪ್ರಯತ್ನ ವಿಫಲವಾಗಿರಬೇಕು, ಜೀವನಾಂಶ ಮಕ್ಕಳ ವಿಷಯ ನಿಜವಾಗಿ ಇತ್ಯರ್ಥವಾಗಿರಬೇಕು, ಇನ್ನೂ ಕಾಯಿಸುವುದರಿಂದ ನೋವು ಹೆಚ್ಚುವುದೇ ಹೊರತು ಬೇರೇನೂ ಆಗದು ಎಂಬಂತಿರಬೇಕು. ಇದಕ್ಕೆ ಮಧ್ಯಂತರ ಅರ್ಜಿಯನ್ನು ಮೊದಲ ಹಂತ, ಅಂದರೆ ಜಂಟಿ ಅರ್ಜಿ ದಾಖಲಾಗುವುದು, ಮುಗಿದು ಒಂದು ವಾರ ಕಳೆದ ಮೇಲೆ ಹಾಕಬಹುದು. ಆ ನಾಲ್ಕು ಅಂಶಗಳನ್ನು ಒಂದೊಂದಾಗಿ, ದಾಖಲೆ ಸಹಿತ ಹೇಳಬೇಕು. ‘ಇಬ್ಬರಿಗೂ ತುರ್ತು ಇದೆ’ ಎಂದಷ್ಟೇ ಬರೆದ ಅರ್ಜಿ ತಿರಸ್ಕೃತವಾದರೆ ಅಚ್ಚರಿಪಡಬೇಕಿಲ್ಲ.

ಈಗಾಗಲೇ ಛಾಪಾ ಕಾಗದ ಮಾಡಿಸಿಕೊಂಡು ಕೂತವರಿಗೆ ಇಲ್ಲಿಯೇ ದಾರಿ ಇದೆ. ಆ ಕಾಗದ ಮದುವೆಯನ್ನು ಮುರಿಯದಿದ್ದರೂ ಯಾವಾಗಿನಿಂದ ಬೇರೆ ಇದ್ದಾರೆ ಎಂಬುದಕ್ಕೆ ಪುರಾವೆಯಾಗಬಲ್ಲದು. ಅದಕ್ಕೆ ಸಹಿ ಹಾಕಿ ಒಂದೂವರೆ ವರ್ಷ ದಾಟಿದ್ದರೆ, ಈಗ ಇಬ್ಬರೂ ಜಂಟಿ ಅರ್ಜಿ ಹಾಕಿ ಆರು ತಿಂಗಳ ಮನ್ನಾ ಕೇಳಬಹುದು. ಕಾಗದವನ್ನು ಹರಿದು ಎಸೆಯಬೇಡಿ, ನ್ಯಾಯಾಲಯದಿಂದ ಮುಚ್ಚಿಡಲೂ ಬೇಡಿ. ಇಬ್ಬರಲ್ಲಿ ಒಬ್ಬರು ಆಗಲೇ ಮರುಮದುವೆ ಆಗಿದ್ದರೆ, ಡಿಕ್ರಿ ಬಂದ ಮಾತ್ರಕ್ಕೆ ಆ ಮದುವೆ ಹಿಂದಿನಿಂದ ಸಿಂಧುವಾಗದು. ಡಿಕ್ರಿಯ ನಂತರ ಮತ್ತೊಮ್ಮೆ ವಿಧಿವತ್ತಾಗಿ ಮದುವೆಯಾಗಿ ನೋಂದಾಯಿಸಿಕೊಳ್ಳಬೇಕು. ಅರ್ಜಿ ಹಾಕುವ ಮೊದಲು ಅಂಥವರು ವಕೀಲರಿಗೆ ಎಲ್ಲವನ್ನೂ ಬಿಚ್ಚಿ ಹೇಳಲೇಬೇಕು.

ಡಿಕ್ರಿ ಆಗುವ ದಿನದವರೆಗೆ ಯಾರೇ ಆಗಲಿ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು. ಹಾಗಾದಾಗ ಜಂಟಿ ಅರ್ಜಿ ಬಿದ್ದುಹೋಗುತ್ತದೆ. ವಿಚ್ಛೇದನ ಬೇಕೆನ್ನುವವರು 13ನೇ ಸೆಕ್ಷನ್ ಅಡಿ ಕಾರಣ ಕೊಟ್ಟು ಬೇರೆ ಅರ್ಜಿ ಹಾಕಬೇಕು. ಕ್ರೌರ್ಯ, ಎರಡು ವರ್ಷದ ಪರಿತ್ಯಾಗ, ವ್ಯಭಿಚಾರ, ಮತಾಂತರ, ಗಂಭೀರ ಮಾನಸಿಕ ಕಾಯಿಲೆ ಮುಂತಾದವು ಆ ಕಾರಣಗಳು. ‘ಸಂಬಂಧ ಸತ್ತುಹೋಗಿದೆ’ ಎಂಬುದಷ್ಟೇ ಈ ಕಾಯ್ದೆಯಲ್ಲಿ ಕಾರಣವಲ್ಲ. ಆ ಆಧಾರದ ಮೇಲೆ ಸಂವಿಧಾನದ 142ನೇ ವಿಧಿಯಡಿ ಮದುವೆ ವಿಸರ್ಜಿಸುವ ಅಧಿಕಾರ ತನಗಿದೆ ಎಂದು ಸುಪ್ರೀಂ ಕೋರ್ಟ್ 2023ರ ಮೇ 1ರಂದು ಹೇಳಿತು. ಆ ಸುದ್ದಿ ಓದಿ ಕೌಟುಂಬಿಕ ನ್ಯಾಯಾಲಯದಲ್ಲಿ ಅದನ್ನೇ ಕೇಳುವವರಿದ್ದಾರೆ. ಅದು ಕೆಳಗಿನ ನ್ಯಾಯಾಲಯಗಳಿಗಾಗಲಿ ಹೈಕೋರ್ಟಿಗಾಗಲಿ ಇರುವ ಅಧಿಕಾರವಲ್ಲ.

ಜಗಳದ ಪ್ರಕರಣ ತಡವಾಗುವುದು ಬಹುಪಾಲು ಸಮನ್ಸ್ ಹಂತದಲ್ಲಿ. ಹಳೆಯ ವಿಳಾಸ, ತಪ್ಪಾದ ಪಿನ್‌ಕೋಡ್, ಬಾಗಿಲು ಹಾಕಿದ ಮನೆ ಎಂದು ವಾಯಿದೆಯ ಮೇಲೆ ವಾಯಿದೆ ಹೋಗುತ್ತದೆ. ಅರ್ಜಿದಾರರು ಎದುರು ಪಕ್ಷದ ಮನೆ ಮತ್ತು ಕೆಲಸದ ಸ್ಥಳ ಎರಡರ ವಿಳಾಸವನ್ನೂ ಕೊಡಬೇಕು. ಇತ್ತ ಸಮನ್ಸ್ ಬಂದವರು ‘ತೆಗೆದುಕೊಳ್ಳದಿದ್ದರೆ ಕೇಸು ನಡೆಯುವುದಿಲ್ಲ’ ಎಂಬ ಪುಕ್ಕಟೆ ಸಲಹೆ ನಂಬುತ್ತಾರೆ. ನಿರಾಕರಿಸಿದರೆ ಜಾರಿಯಾದಂತೆಯೇ ಲೆಕ್ಕ. ಏಕಪಕ್ಷೀಯ ಡಿಕ್ರಿ ಬರುತ್ತದೆ. ಅದನ್ನು ರದ್ದುಪಡಿಸಲು ಅರ್ಜಿ ಹಾಕಲು ಇರುವುದು 30 ದಿನ, ಅದೂ ಸರಿಯಾದ ಕಾರಣ ತೋರಿಸಿದರೆ. ಸಮನ್ಸ್ ತೆಗೆದುಕೊಂಡು, ವಕಾಲತ್ತು ಹಾಕಿ, ತಕರಾರು ಸಲ್ಲಿಸುವುದರಿಂದ ಯಾರಿಗೂ ನಷ್ಟವಿಲ್ಲ. ಆಮೇಲೆ ಆಪ್ತಸಮಾಲೋಚನೆ ಅಥವಾ ಮಧ್ಯಸ್ಥಿಕೆ. ಅಲ್ಲಿ ಆಡಿದ ಮಾತು ಗೌಪ್ಯ, ಸಾಕ್ಷ್ಯವಾಗಿ ಬಳಸುವಂತಿಲ್ಲ. ಹಾಗಾಗಿ ಮನಸ್ಸು ಬಿಚ್ಚಿ ಮಾತಾಡಬಹುದು. ಅಲ್ಲಿ ಒಪ್ಪಂದವಾದರೆ ನಡೆಯುತ್ತಿರುವ ಪ್ರಕರಣವನ್ನೇ 13ಬಿಗೆ ಪರಿವರ್ತಿಸಿಕೊಳ್ಳಬಹುದು.

ಜೀವನಾಂಶದ ಬಗ್ಗೆ ಎರಡು ಮಾತು. ‘ಸಂಬಳದ ಮೂರನೇ ಒಂದು ಭಾಗ ಖಂಡಿತ’ ಎಂಬಂಥ ಸೂತ್ರ ಯಾವ ಕಾಯ್ದೆಯಲ್ಲೂ ಇಲ್ಲ. ಸುಪ್ರೀಂ ಕೋರ್ಟ್ 2017ರಲ್ಲಿ ಒಂದು ಪ್ರಕರಣದಲ್ಲಿ ನಿವ್ವಳ ಸಂಬಳದ ಶೇ 25 ಸೂಕ್ತವೆಂದಿತ್ತು, ಅದು ಆ ಪ್ರಕರಣಕ್ಕೆ. 2020ರ ನವೆಂಬರ್ 4ರ ರಜನೇಶ್–ನೇಹಾ ತೀರ್ಪಿನ ನಂತರ ಇಬ್ಬರೂ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸುವುದು ಕಡ್ಡಾಯ, ಮತ್ತು ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಿಸಬೇಕು. ಈ ಪ್ರಮಾಣಪತ್ರವನ್ನು ಅರೆಬರೆ ತುಂಬುವುದರಿಂದಲೇ ಅರ್ಜಿಗಳು ತಿಂಗಳುಗಟ್ಟಲೆ ನಿಲ್ಲುತ್ತವೆ. ಸಂಬಳ ಚೀಟಿ, ಆದಾಯ ತೆರಿಗೆ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್, ಪಹಣಿ ಮೊದಲೇ ಕೂಡಿಟ್ಟುಕೊಂಡರೆ ಅರ್ಧ ಕೆಲಸ ಆದಂತೆ. 24ನೇ ಸೆಕ್ಷನ್ ಅಡಿಯ ಮಧ್ಯಂತರ ಜೀವನಾಂಶವನ್ನು ಆದಷ್ಟೂ 60 ದಿನಗಳಲ್ಲಿ ತೀರ್ಮಾನಿಸಬೇಕೆಂದು ಕಾಯ್ದೆಯೇ ಹೇಳಿದೆ. ತಡವಾದರೆ ವಕೀಲರ ಮೂಲಕ ಅದನ್ನು ನೆನಪಿಸಬಹುದು.

ವರದಕ್ಷಿಣೆ ಕಿರುಕುಳದ ಪ್ರಕರಣವಿದ್ದರೆ, ಹಿಂದೆ 498ಎ ಆಗಿದ್ದು ಈಗ ನ್ಯಾಯ ಸಂಹಿತೆಯ 85ನೇ ಸೆಕ್ಷನ್, ‘ವಾಪಸ್ ತೆಗೆದುಕೊಳ್ಳುತ್ತೇನೆ’ ಎಂದು ಠಾಣೆಯಲ್ಲಿ ಬರೆದುಕೊಟ್ಟರೆ ಮುಗಿಯುವುದಿಲ್ಲ. ಹೈಕೋರ್ಟ್ ಅದನ್ನು ರದ್ದುಪಡಿಸಬೇಕು. ಉತ್ತರ ಕರ್ನಾಟಕದವರಿಗೆ ಧಾರವಾಡ, ಕಲಬುರಗಿ ಪೀಠಗಳಿವೆ. ಒಪ್ಪಂದದಲ್ಲಿ ಠಾಣೆಯ ಹೆಸರು, ಪ್ರಕರಣದ ಸಂಖ್ಯೆ ನಮೂದಿಸಿ, ರದ್ದತಿಗೆ ಪತ್ನಿ ಅಫಿಡವಿಟ್ ಕೊಡುವ ದಿನವನ್ನೂ ಬರೆಯಬೇಕು.

ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೆ 28ನೇ ಸೆಕ್ಷನ್ ಇದೆ, ಕ್ರಮ ಹೆಚ್ಚುಕಡಿಮೆ ಇದೇ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆಯ 10ಎ. ಮುಸ್ಲಿಂ ಮಹಿಳೆಯರಿಗೆ 1939ರ ಕಾಯ್ದೆಯ ದಾರಿಯ ಜೊತೆಗೆ ಖುಲಾ (ಹೆಂಡತಿಯ ಕೋರಿಕೆಯ ವಿಚ್ಛೇದನ), ಮುಬಾರತ್ (ಇಬ್ಬರ ಒಪ್ಪಿಗೆಯ ವಿಚ್ಛೇದನ) ಇವೆ. ಒಂದೇ ಉಸಿರಿನ ಮೂರು ತಲಾಖ್ 2019ರ ಕಾಯ್ದೆಯಿಂದ ಅಸಿಂಧುವೂ ಅಪರಾಧವೂ ಆಗಿದೆ. ಹೊರದೇಶದಲ್ಲಿರುವ ಕನ್ನಡಿಗರು ಒಂದನ್ನು ಗಮನಿಸಬೇಕು. ಇಲ್ಲಿ ಹಿಂದೂ ಪದ್ಧತಿಯಲ್ಲಿ ಮದುವೆಯಾಗಿ ಅಲ್ಲಿನ ಕೋರ್ಟಿನಲ್ಲಿ ಒಬ್ಬರೇ ಪಡೆದ ಡಿಕ್ರಿ, ನಮ್ಮ ಕಾಯ್ದೆಯಲ್ಲಿಲ್ಲದ ಕಾರಣದ ಮೇಲೆ ಆಗಿದ್ದರೆ, ಇನ್ನೊಬ್ಬರು ಒಪ್ಪದ ಹೊರತು ಇಲ್ಲಿ ನಿಲ್ಲುವುದಿಲ್ಲ. 1991ರ ನರಸಿಂಹ ರಾವ್ ತೀರ್ಪು ಇದನ್ನು ಸ್ಪಷ್ಟಪಡಿಸಿದೆ.

ಡಿಕ್ರಿಯಾದ ಮೇಲೆ ದೃಢೀಕೃತ ನಕಲುಗಳನ್ನು ಮೂರ್ನಾಲ್ಕು ಪಡೆದಿಡಿ. ವಿಮೆ, ಭವಿಷ್ಯ ನಿಧಿ, ಬ್ಯಾಂಕ್ ಖಾತೆಗಳ ನಾಮಿನಿ ತಾನಾಗಿ ಬದಲಾಗುವುದಿಲ್ಲ, ನೀವೇ ಬದಲಿಸಬೇಕು. ಜಗಳದ ಪ್ರಕರಣದಲ್ಲಿ ಡಿಕ್ರಿ ಪಡೆದವರು ಮೇಲ್ಮನವಿಯ ಅವಧಿ ಕಳೆಯದೆ ಮರುಮದುವೆಯಾಗಬಾರದು. 90 ದಿನ ಕಾಯುವುದು ಸುರಕ್ಷಿತ.

ಖರ್ಚಿಗೆ ಹೆದರುವವರು ತಿಳಿಯಬೇಕಾದದ್ದು: ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಟ್ಟರೆ ಸಾಕು. 15100ಕ್ಕೆ ಕರೆಯನ್ನೂ ಮಾಡಬಹುದು.

ಈ ಸಮಿತಿಗಳಿಗೆ ನನ್ನ ಮನವಿ ಇದು. 13ಬಿ ಜಂಟಿ ಅರ್ಜಿಯ ಮತ್ತು ಒಪ್ಪಂದದ ಷರತ್ತುಗಳ ಕನ್ನಡ ಮಾದರಿಯೊಂದನ್ನು ಅಚ್ಚು ಮಾಡಿಸಿ ಪ್ರತಿ ತಾಲ್ಲೂಕಿನಲ್ಲೂ ಉಚಿತವಾಗಿ ಕೊಡಲಿ. ಸಚಿವಾಲಯದ 2024ರ ಎಚ್ಚರಿಕೆಯನ್ನು ನೋಟರಿಗಳ ಮೇಜಿನ ಮುಂದೆ, ಟೈಪಿಂಗ್ ಅಂಗಡಿಗಳ ಗೋಡೆಯ ಮೇಲೆ, ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಿ ಕನ್ನಡದಲ್ಲಿ ಹಾಕಿಸಲಿ. ವಕೀಲರ ಸಂಘಗಳು ತಮ್ಮ ಸದಸ್ಯರಲ್ಲಿ ನೋಟರಿಗಳಾಗಿರುವವರಿಗೆ ಇದನ್ನು ಬರವಣಿಗೆಯಲ್ಲಿ ತಿಳಿಸಲಿ.

— ಕೌಟುಂಬಿಕ ಪ್ರಕರಣಗಳ ವಕೀಲೆ, ಶಿವಮೊಗ್ಗ